ಓದುಗರ ಪ್ರಶ್ನೆ: ಮೆಕ್ಕೆಜೋಳದ ರೊಟ್ಟಿ ಸೀಳುವುದೇಕೆ?

ಪ್ರಶ್ನೆ: ಮೆಕ್ಸಿಕೋದ ಟೋರ್ಟಿಯಾ ಮಾಡಬೇಕೆಂದು ಮೆಕ್ಕೆಜೋಳದ ಹಿಟ್ಟನ್ನು ಜೋಳದ ರೊಟ್ಟಿಯಂತೆಯೇ ತಟ್ಟಿದೆ, ಅಂಚೆಲ್ಲ ಸೀಳಿತು. ಕಾರಣವೇನು?
– ಓದುಗರೊಬ್ಬರು, ಗದಗ

ಉತ್ತರ: ಈ ಎರಡೂ ಧಾನ್ಯಗಳಲ್ಲಿ ಗೋಧಿಯಲ್ಲಿರುವಂತೆ ಹಿಗ್ಗುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇಲ್ಲ. ನಮ್ಮಲ್ಲಿ ಕುದಿಯುವ ಎಸರು ಹೊಯ್ದು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುವುದರಿಂದ ಜೋಳದ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ. ಮೆಕ್ಸಿಕೋದವರ ದಾರಿಯೇ ಬೇರೆ: ಅವರು ಇಡೀ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಿಟ್ಟು, ಸಿಪ್ಪೆ ಉಜ್ಜಿ ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ಸುಣ್ಣದಿಂದ ಹಿಟ್ಟು ಕೂಡಿಕೊಳ್ಳುವುದಲ್ಲದೆ, ಕಾಳಿನಲ್ಲಿ ಬಂಧಿತವಾಗಿದ್ದ ನಿಯಾಸಿನ್ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ಅಡುಗೆಗೆ ಯೋಗ್ಯವಾದ ಸುಣ್ಣವನ್ನೇ ಬಳಸಿರಿ, ಗೋಡೆಗೆ ಬಳಿಯುವುದು ಖಂಡಿತ ಬೇಡ. ಟೋರ್ಟಿಯಾದೊಂದಿಗೆ ಎಣ್ಣೆಗಾಯಿ ಪಲ್ಯ ಬಹಳ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನುಭವ.