ನಂದಿಬಟ್ಟಲಿನ ಎಲೆ ತಿನ್ನುತ್ತಿರುವುದು ಯಾರು?

ಪ್ರಶ್ನೆ: ಮೇಡಂ, ನಮ್ಮ ಮನೆ ಮುಂದೆ ಆಳೆತ್ತರದ ನಂದಿಬಟ್ಟಲು ಗಿಡ ಇದೆ. ಹೋದ ವಾರ ಎಲೆ ತುಂಬಿಕೊಂಡಿತ್ತು, ಈಗ ಮೇಲಿನ ಅರ್ಧ ಬರೀ ಕಡ್ಡಿ. ಎಷ್ಟು ಹುಡುಕಿದರೂ ಹುಳ ಕಾಣಿಸುತ್ತಿಲ್ಲ. ಅತ್ತೆ ದಿನಾ ದೇವರಿಗೆ ಇದೇ ಹೂ ಕೊಯ್ಯುತ್ತಾರೆ. ಅಂಗಡಿಯವರು ಒಂದು ಔಷಧಿ ಕೊಟ್ಟಿದ್ದಾರೆ, ಹೊಡೆಯಬಹುದಾ? ಪಕ್ಕದ ಗುಲಾಬಿ ಎಲೆಯ ಅಂಚನ್ನೂ ಯಾವುದೋ ಹುಳ ದುಂಡಗೆ ಕತ್ತರಿಸಿದೆ, ಅದಕ್ಕೂ ಅದೇ ಸಾಕಾ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ, ಹೊಡೆಯಬೇಡಿ. ದಿನಾ ಕೈ ಹಾಕಿ ಹೂ ಕೊಯ್ಯುವ ಗಿಡ ಅದು, ಅಲ್ವಾ?

ಮೊದಲು ಗಿಡ ಬಿಟ್ಟು ನೆಲ ನೋಡಿ. ಬುಡದಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಹಿಕ್ಕೆ ಬಿದ್ದಿದ್ದರೆ ಅದರ ನೇರ ಮೇಲಿನ ಕೊಂಬೆಯಲ್ಲೇ ನಿಮ್ಮ ಕಳ್ಳ ಇರುತ್ತಾನೆ. ಎಲೆಯದೇ ಹಸಿರು, ಎಲೆಯ ಕೆಳಗೆ ಅಲ್ಲಾಡದೆ ಅಂಟಿಕೊಂಡಿರುತ್ತದೆ, ಹಾಗಾಗಿ ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಬೆಳೆದ ಹುಳ ಬೆರಳುದ್ದ ಇರುತ್ತದೆ. ಬಾಲದ ಹತ್ತಿರ ಚಿಕ್ಕ ಕೊಂಬು, ತಲೆಯ ಹಿಂದೆ ನೀಲಿ ಬಣ್ಣದ ಎರಡು ದೊಡ್ಡ ಕಣ್ಣಿನ ಗುರುತು. ಮುಟ್ಟಿದರೆ ತಲೆ ಒಳಗೆಳೆದುಕೊಂಡು ಆ ಸುಳ್ಳು ಕಣ್ಣುಗಳನ್ನು ಉಬ್ಬಿಸಿ ಹೆದರಿಸುತ್ತದೆ. ಅಷ್ಟೇ, ಕಚ್ಚುವುದಿಲ್ಲ, ಕೂದಲಿಲ್ಲ, ತುರಿಕೆಯೂ ಇಲ್ಲ. ಇದು ಹಸಿರು ಬಣ್ಣದ ಒಂದು ದೊಡ್ಡ ಪತಂಗದ ಮರಿ. ಕಣಗಿಲೆಗೂ ಇದೇ ಬರುತ್ತದೆ. ನಂದಿಬಟ್ಟಲಿನ ಹಾಲು, ಕಣಗಿಲೆಯ ವಿಷ ಎರಡೂ ಅದಕ್ಕೆ ಲೆಕ್ಕಕ್ಕಿಲ್ಲ.

ಕೈಯಲ್ಲಿ ಹೆಕ್ಕುವುದೇ ಇದಕ್ಕೆ ಔಷಧಿ. ಬೆಳಿಗ್ಗೆ ಅತ್ತೆ ಹೂ ಕೊಯ್ಯುವಾಗಲೇ ಎಲೆ ಮಗುಚಿ ನೋಡಲಿ, ಅವರ ಕಣ್ಣು ನಮಗಿಂತ ಚುರುಕಾಗಿರುತ್ತದೆ! ಮುಟ್ಟಲು ಹೇಸಿಗೆ ಅನಿಸಿದರೆ ಆ ರೆಂಬೆಯ ತುದಿಯನ್ನೇ ಕತ್ತರಿಸಿ ಸೋಪಿನ ನೀರಿಗೆ ಹಾಕಿ. ಸಣ್ಣ ಹುಳಗಳು ಜಾಸ್ತಿ ಇದ್ದರೆ ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ, ಬಾಟಲಿ ಮೇಲೆ ಬರೆದಿರುವ ಅಳತೆಯಲ್ಲೇ, ಬಿಸಿಲು ಇಳಿದ ಮೇಲೆ ಎಲೆಯ ಕೆಳಭಾಗಕ್ಕೆ ಬೀಳುವಂತೆ ಸಿಂಪಡಿಸಿ. ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ಬೆರಳುದ್ದ ಬೆಳೆದ ಹುಳಕ್ಕೆ ಇದು ಅಷ್ಟಾಗಿ ನಾಟುವುದಿಲ್ಲ, ಅದನ್ನು ಹೆಕ್ಕಲೇಬೇಕು.

ಎಷ್ಟು ಹುಡುಕಿದರೂ ಸಿಗದಿದ್ದರೆ, ಹಿಕ್ಕೆಯೂ ಒಣಗಿದ್ದರೆ, ಹುಳ ಬಹುಶಃ ತಿಂದು ಮುಗಿಸಿ ಕೆಳಗಿಳಿದಿದೆ. ಕೋಶ ಕಟ್ಟುವ ಹೊತ್ತಿಗೆ ಅದು ಕಂದು ಬಣ್ಣಕ್ಕೆ ತಿರುಗಿ ತರಗೆಲೆಯೊಳಗೆ ಸೇರಿಕೊಳ್ಳುತ್ತದೆ. ಬುಡದ ಕಸ ಗುಡಿಸಿ ತೆಗೆಯಿರಿ. ಗಿಡದ ಚಿಂತೆ ಬೇಡ. ನಂದಿಬಟ್ಟಲು ಗಟ್ಟಿ ಜೀವ, ಬೋಳಾದರೂ ನೀರು, ಒಂದು ಬುಟ್ಟಿ ಗೊಬ್ಬರ ಕೊಟ್ಟರೆ ಚಿಗುರುತ್ತದೆ.

ಇನ್ನು ಗುಲಾಬಿ. ಅಂಚಿನಲ್ಲಿ ಕತ್ತರಿ ಹಿಡಿದು ಕತ್ತರಿಸಿದಷ್ಟು ನೀಟಾಗಿ ದುಂಡಗಿದ್ದರೆ ಅದು ಎಲೆ ಕತ್ತರಿಸುವ ಜೇನು. ಎಲೆ ತಿನ್ನುವುದಿಲ್ಲ, ಆ ತುಂಡನ್ನು ಒಯ್ದು ಮರಿಗಳಿಗೆ ಗೂಡು ಮಾಡುತ್ತದೆ. ಪರಾಗಸ್ಪರ್ಶ ಮಾಡುವ ಉಪಕಾರಿ ಅದು, ಸುಮ್ನೆ ಬಿಟ್ಟುಬಿಡಿ. ಎಲೆಯ ನಡುವೆ ಅಡ್ಡಾದಿಡ್ಡಿ ತೂತು, ಅದೂ ಮೊದಲ ಮಳೆ ಬಿದ್ದ ಮೇಲೆ ಶುರುವಾಗಿದ್ದರೆ ಮಾತು ಬೇರೆ. ಅದು ಮಣ್ಣಿನಿಂದ ಏಳುವ ಕಂದು ದುಂಬಿಯ ಕೆಲಸ ಇರಬಹುದು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ, ಕೆಳಗೆ ಸೋಪಿನ ನೀರಿನ ಬಕೆಟ್ ಇಟ್ಟು ಗಿಡ ಅಲ್ಲಾಡಿಸಿದರೆ ದಪದಪ ಬೀಳುತ್ತವೆ.