ಭತ್ತದ ಗದ್ದೆಗೂ ತೆರಿಗೆ ಬರುತ್ತದೆಯೇ?

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಆರು ಎಕರೆ ಸೋನಾ ಮಸೂರಿ ಬೆಳೆಯುತ್ತೇನೆ. ಗದ್ದೆಯಲ್ಲಿ ನಿಂತ ನೀರಿನಿಂದ ಭೂಮಿ ಬಿಸಿಯಾಗುತ್ತದಂತೆ, ಡೆನ್ಮಾರ್ಕಿನಲ್ಲಿ ದನಗಳಿಗೆ ತೆರಿಗೆ ಹಾಕಿದ್ದಾರಂತೆ, ನಮಗೂ ಬರುತ್ತದಂತೆ. ಮಗ ಮೊಬೈಲಿನಲ್ಲಿ ಓದಿ ಹೇಳಿದ. ನಿಜವೇ? ನಾನೇನು ಮಾಡಬೇಕು?
– ಓದುಗರೊಬ್ಬರು, ಗಂಗಾವತಿ ತಾಲ್ಲೂಕು

ಉತ್ತರ: ಮೊದಲು ತೆರಿಗೆಯ ಭಯ ಬಿಡಿ. ಡೆನ್ಮಾರ್ಕಿನ ಸುದ್ದಿ ನಿಜ. ಅಲ್ಲಿ ಸರ್ಕಾರ, ರೈತ ಸಂಘಟನೆ, ಪರಿಸರ ಸಂಘಟನೆಗಳು 2024ರ ಜೂನ್‌ನಲ್ಲಿ ಒಟ್ಟಿಗೆ ಕೂತು ಒಪ್ಪಿಕೊಂಡ ತೆರಿಗೆ ಅದು. 2030ರಿಂದ, ಸಾಕುಪ್ರಾಣಿಗಳಿಂದ ಹೊರಡುವ ಅನಿಲವನ್ನು ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಂದು, ಟನ್ನಿಗೆ 300 ಕ್ರೋನರ್ (ಅಲ್ಲಿನ ಹಣ). ಶೇ 60ರಷ್ಟು ವಿನಾಯಿತಿ ಕಳೆದರೆ ರೈತನ ಕೈಯಿಂದ ಹೋಗುವುದು 120. ನ್ಯೂಜಿಲೆಂಡ್ ಕೂಡ ಇಂಥದ್ದಕ್ಕೆ ಹೊರಟು, ಅದೇ ತಿಂಗಳು ಹಿಂದೆ ಸರಿಯಿತು. ದನಗಳ ಹೊಟ್ಟೆಯಿಂದಲೂ ನೀರು ನಿಂತ ಗದ್ದೆಯಿಂದಲೂ ಹೊರಟು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲವನ್ನು 2030ರೊಳಗೆ ಶೇ 30ರಷ್ಟು ಇಳಿಸುವ ಜಾಗತಿಕ ಪ್ರತಿಜ್ಞೆಗೆ ಭಾರತ ಸಹಿಯನ್ನೇ ಹಾಕಿಲ್ಲ. ಎರಡು ಎಮ್ಮೆ, ಮೂರೆಕರೆ ಗದ್ದೆ ನಂಬಿದವರ ಹೊಟ್ಟೆಪಾಡಿನ ಪ್ರಶ್ನೆ ಇದು. ಸಹಿ ಹಾಕದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಗದ್ದೆಯದ್ದು ಸುಳ್ಳು ಆರೋಪವಲ್ಲ. ನೀರು ನಿಂತ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಅಲ್ಲಿ ಕೊಳೆಯುವ ಕೂಳೆ, ಹುಲ್ಲಿನಿಂದ ಮೀಥೇನ್ ಹುಟ್ಟಿ, ಹೆಚ್ಚಿನ ಪಾಲು ಭತ್ತದ ಕಾಂಡದೊಳಗಿಂದಲೇ ಮೇಲೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು.

ನಮ್ಮ ಸರ್ಕಾರ ಹೆಚ್ಚು ಕೈ ಹಾಕಿರುವುದು ಗೊಬ್ಬರದ ಚೀಲಕ್ಕೆ. 2015ರಿಂದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾಯಿತು, ಆಮೇಲೆ 50 ಕೆ.ಜಿ. ಚೀಲ 45ಕ್ಕೆ ಇಳಿಯಿತು. ಬೇವಿನಿಂದ ಯೂರಿಯಾದ ಸಾರಜನಕ ನಿಧಾನವಾಗಿ ಬಿಡುಗಡೆಯಾಗಿ, ಭೂಮಿಯನ್ನು ಬಿಸಿ ಮಾಡುವ ಇನ್ನೊಂದು ಅನಿಲವಾದ ನೈಟ್ರಸ್ ಆಕ್ಸೈಡ್ ಆಗಿ ಹಾರಿಹೋಗುವುದು ಕಡಿಮೆಯಾಗುತ್ತದೆ. 2023ರ ಪಿಎಂ-ಪ್ರಣಾಮ್ ಯೋಜನೆಯಲ್ಲಿ ರಾಸಾಯನಿಕ ಗೊಬ್ಬರ ಕಡಿಮೆ ಬಳಸಿದ ರಾಜ್ಯಕ್ಕೆ, ಉಳಿದ ಸಬ್ಸಿಡಿಯ ಅರ್ಧವನ್ನು ಅನುದಾನವಾಗಿ ಕೊಡುವುದೆಂದು ಗೊತ್ತಾಯಿತು. ರಾಜ್ಯಕ್ಕೆ, ನೆನಪಿರಲಿ. ಒಂದು ಚೀಲ ಕಡಿಮೆ ಹಾಕಿದ ರೈತನ ಖಾತೆಗೆ ನೇರ ಬರುವಂತಿದ್ದರೆ ಊರಿನಲ್ಲಿ ಮಾತೇ ಬೇರೆಯಾಗುತ್ತಿತ್ತು.

ನಿಮ್ಮ ಕೈಯಲ್ಲಿರುವುದು ನೀರು. ಗದ್ದೆ ಆಗಾಗ ಆರಿದರೆ ಮಣ್ಣಿಗೆ ಗಾಳಿ ಸಿಕ್ಕಿ ಮೀಥೇನ್ ಇಳಿಯುತ್ತದೆ. ಒಂದಡಿ ಉದ್ದದ, ನಾಲ್ಕೈದು ಇಂಚು ಅಗಲದ ಪಿವಿಸಿ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, ನಾಲ್ಕು ಇಂಚು ಮೇಲುಳಿಯುವಂತೆ ಮಡಿಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾದ ಎರಡು ವಾರ ಎಂದಿನಂತೆ ನೀರು ನಿಲ್ಲಿಸಿ, ಇಲ್ಲವಾದರೆ ಕಳೆ ಮೇಲೆ ಬೀಳುತ್ತದೆ. ಆಮೇಲೆ ಕಟ್ಟಿದ ನೀರು ಇಂಗಲು ಬಿಡಿ. ಪೈಪಿನೊಳಗೆ ನೀರು ನೆಲಮಟ್ಟದಿಂದ ಆರು ಇಂಚು ಕೆಳಗಿಳಿದಾಗ ಮತ್ತೆ ಎರಡು ಇಂಚು ಕಟ್ಟಿ. ಹೂ ಬಿಡುವ ಹಿಂದುಮುಂದಿನ ಒಂದೊಂದು ವಾರ ಮಾತ್ರ ಗದ್ದೆ ಆರಬಾರದು. ನಿಮ್ಮದು ಎರೆಭೂಮಿಯಾದರೆ ಬಿರುಕು ಬಿಡುವತನಕ ಕಾಯಬೇಡಿ, ಬಿರುಕಿನಲ್ಲಿ ನೀರೆಲ್ಲ ಸೋರಿಹೋಗುತ್ತದೆ. ಯೂರಿಯಾವನ್ನು ನೀರು ಕಟ್ಟುವ ತುಸು ಮುಂಚೆ ಎರಚಿ; ಗದ್ದೆ ಆರಿಸುವಾಗ ನೈಟ್ರಸ್ ಆಕ್ಸೈಡ್ ಹೆಚ್ಚುವ ಸಂಭವವಿರುವುದರಿಂದ ಗೊಬ್ಬರ ಅತಿಯಾಗದಿರಲಿ. ಹೀಗೆ ಮಾಡಿದಲ್ಲಿ ಇಳುವರಿ ಬೀಳದೆ ಮೀಥೇನ್ ಅರ್ಧದಷ್ಟು ಇಳಿದದ್ದಿದೆ.

ಆದರೆ ಈ ಸಲಹೆ ಕೊಡುವಾಗ ನನಗೆ ಸಂಕಟವಾಗುವ ಒಂದು ವಿಷಯವಿದೆ. ಮುಂದಿನ ಸರದಿಗೆ ನೀರು ಬಂದೇ ಬರುತ್ತದೆ ಎಂಬ ಭರವಸೆಯಿದ್ದವನು ಮಾತ್ರ ಗದ್ದೆ ಆರಲು ಬಿಡುತ್ತಾನೆ. ಆ ಭರವಸೆಯಿಲ್ಲದವನು ಬಂದಾಗಲೇ ಬದುವಿನವರೆಗೆ ತುಂಬಿಕೊಳ್ಳುತ್ತಾನೆ, ಅದು ಅವನ ತಪ್ಪಲ್ಲ. ಕಾಲುವೆಯ ಕೊನೆ ಭಾಗದವರು ಕೂರಿಗೆ ಭತ್ತಕ್ಕೆ, ಅಂದರೆ ಸಸಿ ನಾಟಿ ಮಾಡದೆ ಬೀಜವನ್ನೇ ನೇರ ಬಿತ್ತುವುದಕ್ಕೆ, ಹೊರಳಿದ್ದು ಹವಾಮಾನದ ಚಿಂತೆಯಿಂದಲ್ಲ, ನಾಟಿಯ ಹೊತ್ತಿಗೆ ನೀರು ತಲುಪದ್ದರಿಂದ. ಆ ಪದ್ಧತಿಯಲ್ಲೂ ಮೀಥೇನ್ ಕಡಿಮೆಯೇ. ಪಂಜಾಬ್ 2022ರಲ್ಲಿ ನೇರ ಬಿತ್ತನೆಗೆ ಎಕರೆಗೆ 1500 ರೂಪಾಯಿ ಘೋಷಿಸಿತು. ನಮ್ಮ ಅಚ್ಚುಕಟ್ಟಿಗೂ ಅಂಥದ್ದು ಬೇಕು. ಅದಕ್ಕಿಂತ ಮೊದಲು ತೂಬು ದುರಸ್ತಿಯಾಗಬೇಕು, ಸರದಿಯ ದಿನ ತಪ್ಪಬಾರದು. ನಿಮ್ಮ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಇದನ್ನೇ ಕೇಳಿ.

ಇನ್ನೊಂದು ಮಾತು. ಗದ್ದೆಯಿಂದ ಕಡಿಮೆಯಾದ ಅನಿಲದ ಲೆಕ್ಕವನ್ನು ಕಂಪನಿಗಳಿಗೆ ಮಾರುವ 'ಕಾರ್ಬನ್ ಕ್ರೆಡಿಟ್' ಹೆಸರಿನಲ್ಲಿ ಯಾರಾದರೂ ಸಹಿ ಕೇಳಿಕೊಂಡು ಬಂದಾರು. ಕೃಷಿ ಸಚಿವಾಲಯ 2024ರಲ್ಲಿ ಇದಕ್ಕೊಂದು ಚೌಕಟ್ಟು ಹೊರಡಿಸಿದೆ, ವ್ಯವಹಾರವೇ ಮೋಸವೆಂದಲ್ಲ. ಒಪ್ಪಂದ ಎಷ್ಟು ವರ್ಷದ್ದು, ಹಣದಲ್ಲಿ ನಿಮ್ಮ ಪಾಲೆಷ್ಟು, ನಡುವೆ ಬೆಳೆ ಬದಲಿಸಿದರೆ ಏನಾಗುತ್ತದೆ, ಈ ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ಮಗನಿಂದ ಓದಿಸಿ ಕೇಳಿದ ಮೇಲೆಯೇ ಪೆನ್ನು ಹಿಡಿಯಿರಿ.