ಇಂಟರ್ನೆಟ್ ಇಲ್ಲದ ಶಾಲೆಯಲ್ಲಿ ವೈರ್‌ಲೆಸ್ ಪ್ರೊಜೆಕ್ಟರ್ ನಡೆಯುತ್ತದೆಯೇ?

ಶಾಲೆಗೆ ವೈರ್‌ಲೆಸ್ ಪ್ರೊಜೆಕ್ಟರ್ ಬಂದಿದೆ, ಇಂಟರ್ನೆಟ್ ಮಾತ್ರ ಇಲ್ಲ, ವಿಂಡೋಸ್ ಲ್ಯಾಪ್‌ಟಾಪ್‌ಗೆ ಜೋಡಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಜೋಡಿಸಬಹುದು. ವೈಫೈ ಅಂದರೆ ಇಂಟರ್ನೆಟ್ ಅಂತ ನಾವೆಲ್ಲ ಅಂದುಕೊಂಡುಬಿಟ್ಟಿದ್ದೇವೆ, ಗೊಂದಲ ಶುರುವಾಗುವುದೇ ಅಲ್ಲಿಂದ. ವೈಫೈ ಎರಡು ಯಂತ್ರಗಳ ನಡುವಿನ ರೇಡಿಯೋ ಮಾತುಕತೆ ಅಷ್ಟೇ. ಆ ಮಾತುಕತೆಗೆ ಹೊರಜಗತ್ತು ಬೇಕಾಗಿಲ್ಲ.

ಒಳಗೆ ನಡೆಯುವುದು ಇಷ್ಟು. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. ಸೆಕೆಂಡಿಗೆ 60 ಸಲ ಅವನ್ನೆಲ್ಲ ಹಾಗೇ ಕಳಿಸಲು ಹೋದರೆ ಸುಮಾರು 3 ಗಿಗಾಬಿಟ್ ಆಗುತ್ತದೆ. ಎಚ್‌ಡಿಎಂಐ ಕೇಬಲ್ ಅದನ್ನು ಸಲೀಸಾಗಿ ಹೊರುತ್ತದೆ, ಸಾಮಾನ್ಯ ವೈಫೈಗೆ ಆಗದು. ಅದಕ್ಕೇ ಲ್ಯಾಪ್‌ಟಾಪ್ ತನ್ನ ಪರದೆಯನ್ನು ಆಗಿಂದಾಗ ವಿಡಿಯೋ ಮಾಡಿ, ಹಿಂಡಿ ಚಿಕ್ಕದಾಗಿಸಿ ಗಾಳಿಗೆ ಬಿಡುತ್ತದೆ. ಪ್ರೊಜೆಕ್ಟರ್ ಅದನ್ನು ಬಿಚ್ಚಿ ಗೋಡೆಗೆ ಹಾಕುತ್ತದೆ. ಈ ಹಿಂಡುವ, ಬಿಚ್ಚುವ ಕೆಲಸಕ್ಕೆ ಸಮಯ ಹಿಡಿಯುವುದರಿಂದ ನೀವು ಮೌಸ್ ಸರಿಸಿದ ಮೇಲೆ ಗೋಡೆಯ ಬಾಣ ತುಸು ತಡವಾಗಿ ಹೊರಡುತ್ತದೆ. ಅದು ಯಂತ್ರದ ದೋಷವಲ್ಲ.

ಆ ತಡದಿಂದ ನಾನೊಮ್ಮೆ ನಗೆಪಾಟಲಾಗಿದ್ದೇನೆ. ಒಂದು ವಾರ್ಷಿಕೋತ್ಸವದಲ್ಲಿ ಯಕ್ಷಗಾನದ ವಿಡಿಯೋ ಹಾಕಿದ್ದೆ. ಚಿತ್ರವನ್ನು ವೈರ್‌ಲೆಸ್‌ನಲ್ಲಿ ಕಳಿಸಿ, ದನಿ ಜೋರಾಗಿ ಬರಲಿ ಅಂತ ಲ್ಯಾಪ್‌ಟಾಪ್‌ನಿಂದ ಸೀದಾ ಆಂಪ್ಲಿಫೈಯರ್‌ಗೆ ವೈರ್ ಎಳೆದಿದ್ದೆ. ಚೆಂಡೆ ಮೊದಲು ಬಡಿಯಿತು, ವೇಷಧಾರಿಯ ಹೆಜ್ಜೆ ಆಮೇಲೆ ಬಿತ್ತು! ದನಿಯನ್ನೂ ಪ್ರೊಜೆಕ್ಟರ್‌ಗೇ ಕಳಿಸಿ, ಸ್ಪೀಕರ್ ವೈರನ್ನು ಅದರ ಹಿಂಬದಿಗೆ ಸಿಕ್ಕಿಸಿದ್ದರೆ ಎರಡೂ ಒಟ್ಟಿಗೆ ಬರುತ್ತಿದ್ದವು.

ಇನ್ನು ಜೋಡಿಸುವುದು. ಪ್ರೊಜೆಕ್ಟರ್ ಮೆನುವಿನಲ್ಲಿ ಸ್ಕ್ರೀನ್ ಮಿರರಿಂಗ್ ಅಥವಾ ಮಿರಾಕಾಸ್ಟ್ (ಪರದೆಯನ್ನು ವೈರಿಲ್ಲದೆ ಕಳಿಸುವ ಪದ್ಧತಿ) ಆರಿಸಿ. ಲ್ಯಾಪ್‌ಟಾಪ್‌ನಲ್ಲಿ ವೈಫೈ ಆನ್ ಇರಲಿ, ಯಾವ ನೆಟ್‌ವರ್ಕಿಗೂ ಸೇರಿರಬೇಕಿಲ್ಲ. ವಿಂಡೋಸ್ ಗುರುತಿನ ಕೀ ಹಿಡಿದು ಕೆ ಒತ್ತಿದರೆ ಪಟ್ಟಿ ಬರುತ್ತದೆ, ಅದರಲ್ಲಿ ಪ್ರೊಜೆಕ್ಟರ್ ಹೆಸರು ಒತ್ತಿ. ಗೋಡೆಯ ಮೇಲೆ ಪಿನ್ ಮೂಡಿದರೆ ಟೈಪ್ ಮಾಡಿ. ಅದೇ ಕೀ ಜೊತೆ ಪಿ ಒತ್ತಿದರೆ ಲ್ಯಾಪ್‌ಟಾಪ್ ಪರದೆಯೇ ಗೋಡೆಯಲ್ಲೂ ಕಾಣಬೇಕೋ, ಗೋಡೆಯನ್ನು ಎರಡನೇ ಪರದೆ ಮಾಡಿಕೊಳ್ಳಬೇಕೋ ಆರಿಸಬಹುದು. ಪಾಠಕ್ಕೆ ನಾನು ಎರಡನೆಯದನ್ನೇ ಇಷ್ಟಪಡುತ್ತೇನೆ. ನಿಮ್ಮ ಟಿಪ್ಪಣಿ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

ಮಿರಾಕಾಸ್ಟ್ 2012ರಲ್ಲಿ ಬಂದ ಪದ್ಧತಿ, ವಿಂಡೋಸ್ 8.1ರಿಂದ ಒಳಗೇ ಇದೆ. ಆಪಲ್‌ನವರಿಗೆ ಅದು ಬೇಡ, ಅವರದು ಏರ್‌ಪ್ಲೇ. ಹಾಗಾಗಿ ಸಹೋದ್ಯೋಗಿಯೊಬ್ಬರು ಮ್ಯಾಕ್‌ಬುಕ್ ತಂದರೆ ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲೆ ಆ ಹೆಸರಿದೆಯೇ ನೋಡಿ. ಗೂಗಲ್ ಕಾಸ್ಟ್ ಇನ್ನೊಂದು ಜಾತಿ. ಅದರಲ್ಲಿ ಯೂಟ್ಯೂಬ್ ಹಾಕಿದಾಗ ಫೋನ್ ಬರೀ ರಿಮೋಟ್ ಆಗಿರುತ್ತದೆ, ವಿಡಿಯೋವನ್ನು ಪ್ರೊಜೆಕ್ಟರೇ ಇಂಟರ್ನೆಟ್‌ನಿಂದ ಎಳೆದುಕೊಳ್ಳುತ್ತದೆ. ನಿಮ್ಮಲ್ಲಿ ಅದು ನಡೆಯದು. ಪಾಠದ ವಿಡಿಯೋಗಳನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ.

ಕೆಲವು ಪ್ರೊಜೆಕ್ಟರ್‌ಗಳು ತಮ್ಮದೇ ಹಾಟ್‌ಸ್ಪಾಟ್ ಹಚ್ಚುತ್ತವೆ. ಆಗ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ, ಕಂಪನಿಯ ಆ್ಯಪ್‌ನಿಂದ ಚಿತ್ರ ಕಳಿಸಬೇಕು. ಎಪ್ಸನ್‌ನ ಐಪ್ರೊಜೆಕ್ಷನ್ ಅಂಥದ್ದು. ಆ್ಯಪನ್ನೂ ಮೊದಲೇ ಹಾಕಿಕೊಂಡಿರಿ, ಶಾಲೆಗೆ ಬಂದ ಮೇಲೆ ಡೌನ್‌ಲೋಡ್ ಮಾಡಲು ನೆಟ್ ಎಲ್ಲಿದೆ?

ಚಿತ್ರ ತಡವರಿಸಿದರೆ ಲ್ಯಾಪ್‌ಟಾಪನ್ನು ಹತ್ತಿರ ತನ್ನಿ. ಎರಡರಲ್ಲೂ 5 ಗಿಗಾಹರ್ಟ್ಸ್ ವೈಫೈ ಇದ್ದರೆ ಅದೇ ಒಳ್ಳೆಯದು. 2.4ರಲ್ಲಿ ಬ್ಲೂಟೂತ್, ಪಕ್ಕದ ಮನೆಯ ರೂಟರ್ ಎಲ್ಲ ಸೇರಿ ಸಂತೆ. ಪಟ್ಟಿಯಲ್ಲಿ ಹೆಸರೇ ಬಾರದಿದ್ದರೆ ಲ್ಯಾಪ್‌ಟಾಪ್‌ನ ವೈಫೈ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳನ್ನು, ಅಂದರೆ ಆ ಭಾಗಗಳನ್ನು ನಡೆಸುವ ತಂತ್ರಾಂಶವನ್ನು, ನೆಟ್ ಇರುವ ಕಡೆ ಅಪ್‌ಡೇಟ್ ಮಾಡಿ ನೋಡಿ. ನನ್ನ ಹಳೇ ಲ್ಯಾಪ್‌ಟಾಪ್ ಅದಕ್ಕೂ ಬಗ್ಗಲಿಲ್ಲ, ಕೊನೆಗೆ ಐದು ಮೀಟರಿನ ಎಚ್‌ಡಿಎಂಐ ಕೇಬಲ್ ತಂದೆ. ಅದು ಈಗಲೂ ನನ್ನ ಬ್ಯಾಗಿನಲ್ಲೇ ಇದೆ.